ನಲವತ್ತಕ್ಕೆ ಒಂದು

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ನೂಲ ಎಂಬ ಊರಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಹೊಲ ಹಂಚಿಕೊಳ್ಳುವಾಗ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ನನ್ನನ್ನು ಕರೆಯುತ್ತಾರೆ. ನನಗೆ ಹಗ್ಗ ಬೇಡ, ಟೇಪು ಬೇಡ. ಬದುವಿನ ಮೇಲೆ ಒಂದು ಸುತ್ತು ನಡೆದು ಬಂದರೆ ಸಾಕು, ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಹೇಳಿಬಿಡುತ್ತೇನೆ. ಸರಕಾರಿ ಮೋಜಣಿಯವರು ಬಂದು ಅಳೆದರೂ ನನ್ನ ಲೆಕ್ಕಕ್ಕಿಂತ ಅರ್ಧ ಗುಂಟೆ ಆಚೀಚೆ ಆಗಬಹುದು, ಅಷ್ಟೆ.

ಒಂದೇ ಒಂದು ದೋಷವಿದೆ. ನಡೆಯುತ್ತಾ ಕನಸು ಕಾಣುವ ಚಟ ನನಗೆ. ಒಮ್ಮೆ ಶಂಕ್ರಪ್ಪನ ಹೊಲ ಅಳೆಯಲು ಹೊರಟವನು, ಕಬ್ಬಿನ ತುರಾಯಿಗಳ ಮೇಲೆ ಇಳಿಬಿಸಿಲು ಬಿದ್ದು ಇಡೀ ಸೀಮೆ ಬೆಳ್ಳಗೆ ತೂಗುತ್ತಿದ್ದುದನ್ನು ನೋಡುತ್ತಾ ನೋಡುತ್ತಾ ಪಕ್ಕದವರ ಹೊಲವನ್ನೂ ಸುತ್ತಿ ಬಂದೆ. ಆ ದಿನ ಶಂಕ್ರಪ್ಪನ ಹೊಲ ಇಮ್ಮಡಿಯಾಯಿತು. ಅವನು ಬೇಡ ಅನ್ನಲಿಲ್ಲ.

ಇಂಥ ನನ್ನ ಮಗಳು ಸಾನಿಕಾ ಗಣಿತದಲ್ಲಿ ನಪಾಸಾದಳು.

ಅವಳು ಗಡಹಿಂಗ್ಲಜದ ಮರಾಠಿ ಶಾಲೆಯಲ್ಲಿ ಎಂಟನೆಯ ಇಯತ್ತೆ. ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಶಾಲೆಯ ಖೋ-ಖೋ ತಂಡದಲ್ಲಿ ಅವಳಷ್ಟು ಹೊತ್ತು ಸಿಗದೆ ಓಡುವವರು ಇನ್ನೊಬ್ಬರಿಲ್ಲ. ಮುಂದಿನ ತಿಂಗಳು ಇಚಲಕರಂಜಿಯಲ್ಲಿ ಪಂದ್ಯ. ಅದಕ್ಕಾಗಿ ಮೂರು ತಿಂಗಳಿನಿಂದ ಮನೆಯ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಅಭ್ಯಾಸ ಮಾಡಿದ್ದಳು. ಆ ದಿನ ಮಾತ್ರ ಚೀಲವನ್ನು ಮೂಲೆಗೆ ಒಗೆದು ಗೋಡೆಗೆ ಒರಗಿ ಕುಳಿತಳು.

"ಅಪ್ಪಾ, ಹದಿನೈದು ದಿನದಾಗ ಇನ್ನೊಂದು ಪರೀಕ್ಷಾ ಐತಿ. ಅಪೂರ್ಣಾಂಕ, ದಶಾಂಶ, ಎರಡ. ಪಾಸಾದವರಿಗಷ್ಟ ಇಚಲಕರಂಜಿ ಅಂತ ಹೆಡ್ ಸರ್ ಹೇಳ್ಯಾರ. ನಮ್ಮೂರಾಗಿನ ಐದೂ ಮಂದಿ ಹೋದ ಸಲ ನಪಾಸ."

ಅಪೂರ್ಣಾಂಕ ಅಂದರೆ ನಮ್ಮ ಭಿನ್ನರಾಶಿ. ಪೂರ್ಣವಾಗದ ಅಂಕಿ! ಎಂಥ ಚೆಂದದ ಹೆಸರು ಎಂದು ನಾನು ಅಲ್ಲೇ ಸ್ವಲ್ಪ ಹೊತ್ತು ತೇಲಿಹೋದೆ. ಅರ್ಧ ಚಂದ್ರ, ಕಾಲು ತುಂಬಿದ ಬಾವಿ, ಮುಕ್ಕಾಲು ಕಟಾವಾದ ಕಬ್ಬು, ಎಲ್ಲವೂ ಕಣ್ಣ ಮುಂದೆ ಸಾಲಾಗಿ ಹೋದವು. ಎಚ್ಚರಾದಾಗ ಮಗಳು ಇನ್ನೂ ನನ್ನ ಮುಖ ನೋಡುತ್ತಿದ್ದಳು.

"ಅದೇನ ದೊಡ್ಡ ಮಾತವಾ. ನಾ ಕಲಸ್ತೇನಿ. ಉಳದ ನಾಕೂ ಮಂದೀನೂ ಕರಕೊಂಡ ಬಾ," ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ನನ್ನ ಹೆಂಡತಿ ಸುರೇಖಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ನೀವು ಕಲಸ್ತೀರಿ?" ಎಂದು ಕೇಳಿದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮರುದಿನ ಸಂಜೆ ಕಟಾವಾದ ಕಬ್ಬಿನ ಹೊಲದಲ್ಲಿ ನನ್ನ ಶಾಲೆ ಆರಂಭವಾಯಿತು. ಐದು ಹುಡುಗಿಯರು ಬದುವಿನ ಮೇಲೆ ಸಾಲಾಗಿ ಕುಳಿತರು. ದೂರದ ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ತೇಲಿ ಬರುತ್ತಿತ್ತು. ನಾನು ಬಾವಿಯ ಕಟ್ಟೆ ಹತ್ತಿ ನಿಂತೆ. ನಮ್ಮಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆ ಇದ್ದರೆ 2.20 ಎಂದು ಬರೆಯುತ್ತೇವೆ, ಎರಡೂವರೆ ಎಕರೆ ಎಂದು ಹೇಳುತ್ತೇವೆ. ನನ್ನ ಅಜ್ಜನೂ ಹಾಗೇ ಬರೆದ, ಅಪ್ಪನೂ ಹಾಗೇ ಬರೆದ. ಇದಕ್ಕಿಂತ ಗಟ್ಟಿಯಾದ ಗಣಿತ ಜಗತ್ತಿನಲ್ಲಿ ಇದ್ದೀತೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ನೋಡ್ರವಾ, ಬಿಂದುವಿನ ಎಡಕ್ಕ ಎಕರೆ, ಬಲಕ್ಕ ಗುಂಟೆ. ಬಲಕ್ಕ ನಲವತ್ತು ತುಂಬತಂದ್ರ ಎಡಕ್ಕ ಒಂದು ಜಿಗೀತೈತಿ. ಹಂಗಾರ ಅರ್ಧ ಅಂದ್ರ ಎಷ್ಟು? 0.20. ಕಾಲು ಅಂದ್ರ 0.10. ಮುಕ್ಕಾಲು ಅಂದ್ರ 0.30. ಮುಗೀತು."

"ಅಪ್ಪಾ, ಶಾಳ್ಯಾಗ ಹತ್ತಕ್ಕ ಒಂದು ಅಂದಿದ್ರಲ್ಲ?" ಎಂದಳು ಸಾನಿಕಾ.

"ಹತ್ತಕ್ಕ ಒಂದು ಅಂತ ಬರದ ನಪಾಸಾದಿ, ಹೌದಿಲ್ಲ?"

ಎಂಟನೆಯ ಇಯತ್ತೆಯ ಹುಡುಗಿಯನ್ನು ನಾನು ವಾದದಲ್ಲಿ ಸೋಲಿಸಿದ್ದೆ. ಆದರೂ ನ್ಯಾಯವಾಗಿರಲೆಂದು ಅವರ ಪುಸ್ತಕವನ್ನೇ ತೆರೆಸಿದೆ. 1.10 ಮತ್ತು 2.20 ಕೂಡಿಸಿದೆವು, 3.30. ಹಿಂದಿನ ಪುಟದ ಉತ್ತರವೂ ಅದೇ. ಕಾಲು ಮತ್ತು ಅರ್ಧ ಕೂಡಿಸಿದೆವು, ಮುಕ್ಕಾಲು. ಅದೂ ಸರಿ. ಪುಸ್ತಕವೇ ನನ್ನ ಪರವಾಗಿ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು?

ನಂತರ 0.25ಕ್ಕೆ 0.15 ಕೂಡಿಸಿದಾಗ ವೈಷ್ಣವಿ ಎಂಬ ಹುಡುಗಿ ಕೈ ಎತ್ತಿದಳು. "ಕಾಕಾ, ನಮ್ಮದು ಒಂದು ಬಂತು. ಪುಸ್ತಕದಾಗ 0.40 ಐತ್ರಿ."

ನಾನು ಪುಸ್ತಕವನ್ನು ಕನಿಕರದಿಂದ ನೋಡಿದೆ. "ಬರೋಬರಿ ಐತೆವಾ. ನಲವತ್ತು ಆತಲ್ಲ, ಅಂದ್ರ ಒಂದು. ಛಾಪಸಿದಾಂವ ಕಡೀ ಹೆಜ್ಜಿ ಬಿಟ್ಟಾನ," ಎಂದೆ. ಐವರೂ ಪೆನ್ನು ತೆಗೆದು ಪುಸ್ತಕದ ತಪ್ಪನ್ನು ತಿದ್ದಿಕೊಂಡರು.

ನಾಲ್ಕನೆಯ ದಿನಕ್ಕೆ ಸುರೇಖಾ ತಡೆಯದೆ ಬಾಯಿ ತೆರೆದಳು. ಅವಳು ಮುಂಜಾನೆ ಎಮ್ಮೆಯ ಹಾಲನ್ನು ಡೇರಿಗೆ ಹಾಕಿ, ಫ್ಯಾಟಿನ ಚೀಟಿಯನ್ನು ತಂದು ಗೋಡೆಯ ತಂತಿಗೆ ಚುಚ್ಚಿ ಇಡುತ್ತಾಳೆ. "ರೀ, ಡೇರಿ ಚೀಟಿಯಾಗ ಹಂಗಿರೂದಿಲ್ರೀ. ಮೊನ್ನೆ ಫ್ಯಾಟು 6.5 ಬಂತು, ನಿನ್ನೆ 6.35 ಬಂತು. ನಿನ್ನಿದು ಕಮ್ಮಿ ಅಂದ್ರು."

"ಐದಕ್ಕಿಂತ ಮೂವತ್ತೈದು ಕಮ್ಮಿ ಹೆಂಗ ಆಕ್ಕೈತಿ? ಮಶೀನ್ ಕೆಟ್ಟಿರಬೇಕು. ಹಾಲು ಬ್ಯಾರೆ, ಹೊಲ ಬ್ಯಾರೆ," ಎಂದು ತೀರ್ಪು ಕೊಟ್ಟೆ. ಅವಳು ಎಮ್ಮೆಯ ಕಡೆ ಹೋದಳು. ಅಲ್ಲಿ ಅವಳ ಮಾತು ಕೇಳುವವರಿದ್ದರು.

ಆ ಹದಿನೈದು ದಿನ ನನ್ನ ಬಾಳಿನ ಅತ್ಯಂತ ಸುಂದರ ದಿನಗಳು. ಪಾಠ ಮುಗಿದು ಹುಡುಗಿಯರು ಹೋದ ಮೇಲೆ ಕಬ್ಬಿನ ಒಣ ಎಲೆಗಳ, ಅಂದರೆ ರವದಿಯ, ರಾಶಿಯ ಮೇಲೆ ಅಂಗಾತ ಮಲಗುತ್ತಿದ್ದೆ. ಆಕಾಶ ಕೆಂಪಗಾಗಿ, ಬೂದಿಯ ಬಣ್ಣಕ್ಕೆ ತಿರುಗಿ, ಬೆಳ್ಳಕ್ಕಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಆಕಾಶ ಎಷ್ಟು ಎಕರೆ ಇದ್ದೀತು ಎಂದು ಲೆಕ್ಕ ಹಾಕುತ್ತಾ ಕಣ್ಣು ಮುಚ್ಚಿದರೆ ಜಗತ್ತಿನ ಎಲ್ಲಾ ಭಿನ್ನರಾಶಿಗಳೂ ಹಸಿರು ತುಂಡುಗಳಾಗಿ ಹರಡಿಕೊಳ್ಳುತ್ತಿದ್ದವು. ಕಾಲು ಎಕರೆಯಲ್ಲಿ ಶೇಂಗಾ, ಅರ್ಧದಲ್ಲಿ ಜೋಳ. ಅವುಗಳ ಬದುವಿನ ಮೇಲೆ ಸಾನಿಕಾ ಯಾರ ಕೈಗೂ ಸಿಗದೆ ಓಡುತ್ತಿದ್ದಳು. ವೇದಿಕೆಯ ಮೇಲೆ ಯಾರೋ ನನ್ನ ಹೆಸರು ಕರೆಯುತ್ತಿದ್ದರು.

ಪರೀಕ್ಷೆ ಆಯಿತು. ಐವರೂ ನಗುತ್ತಾ ಬಂದರು. ಮೂರು ದಿನದ ಮೇಲೆ ಮಧ್ಯಾಹ್ನ ಶಾಲೆಯ ಕಾರಕೂನರ ಫೋನ್ ಬಂತು.

"ನಾಳೆ ಹನ್ನೊಂದಕ್ಕ ಬರ್ರಿ. ಗಣಿತ ಪೇಪರಿನ ಸಂಬಂಧ ಹೆಡ್ ಸರ್ ಕರದಾರ. ನಿಮ್ಮೂರ ಐದೂ ಮಂದೀದು ಎಲ್ಲಾ ಉತ್ತರಾ ಒಂದ ನಮೂನಿ ಅದಾವು."

ಸತ್ಯ ಒಂದೇ ಇದ್ದಾಗ ಉತ್ತರಗಳೂ ಒಂದೇ ಇರಬೇಕಲ್ಲವೇ? ಸಾನಿಕಾ ಸಂಜೆ ಬಂದು ಊಟವನ್ನೂ ಮಾಡದೆ ಮುಸುಕು ಹಾಕಿಕೊಂಡು ಮಲಗಿದಳು. ಪಾಪ, ಓದಿ ಓದಿ ದಣಿದಿದ್ದಾಳೆ ಎಂದುಕೊಂಡೆ. ಟ್ರಂಕಿನಿಂದ ಅಕ್ಕನ ಮಗನ ಲಗ್ನದಲ್ಲಿ ಸುತ್ತಿದ್ದ ಕೇಸರಿ ಫೇಟಾ ಹೊರಗೆ ತೆಗೆದೆ.

ಮರುದಿನ ಇಸ್ತ್ರಿ ಅಂಗಿ, ಕೋಟು, ಫೇಟಾ ತೊಟ್ಟು ಬಸ್ಸು ಹತ್ತಿದೆ. ಪಕ್ಕದ ಸೀಟಿನವರು, "ಯಾರದ್ರೀ ಲಗ್ನ?" ಎಂದು ಕೇಳಿದರು. "ಲಗ್ನ ಅಲ್ರೀ, ಗಣಿತ," ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕುಳಿತರು. ನಾನು ದಾರಿಯುದ್ದಕ್ಕೂ ಸತ್ಕಾರಕ್ಕೆ ಉತ್ತರವಾಗಿ ಆಡಬೇಕಾದ ನಾಲ್ಕು ಮಾತುಗಳನ್ನು ಹೊಂದಿಸಿಕೊಂಡೆ.

ಹೆಡ್ ಸರ್ ಕೋಣೆಯ ಬಾಗಿಲಲ್ಲಿ ಆ ನಾಲ್ಕೂ ಮಾತು ಉದುರಿಹೋದವು. ಐವರು ಹುಡುಗಿಯರು ಗೋಡೆಗೆ ಸಾಲಾಗಿ ತಲೆತಗ್ಗಿಸಿ ನಿಂತಿದ್ದರು. ಸಾನಿಕಾಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ನನ್ನ ಫೇಟಾ ನೋಡಿ ಅವಳು ಇನ್ನೂ ತಲೆ ತಗ್ಗಿಸಿದಳು.

ಹೆಡ್ ಸರ್ ಮರಾಠಿಯವರು, ಆದರೆ ಕನ್ನಡ ಚೆನ್ನಾಗಿ ಬರುತ್ತದೆ. "ಬಸಾ, ಬಸಾ," ಎಂದು ಕುರ್ಚಿ ತೋರಿಸಿ, ಐದು ಪೇಪರುಗಳನ್ನು ಮೇಜಿನ ಮೇಲೆ ಹರಡಿದರು. "ನೋಡ್ರಿ. ಐದೂ ಮಂದಿ ಎಲ್ಲಾ ತಪ್ಪು ಬರದಾರ. ತಪ್ಪು ಬರೀಲಿ, ಆದ್ರ ಐದೂ ಮಂದಿ ಒಂದ ತಪ್ಪು ಹೆಂಗ ಬರೀತಾರ? ನಕಲು ಮಾಡ್ಯಾರ. ಯಾರ ಕಡಿಂದ ಅಂತ ನಿನ್ನೆಯಿಂದ ಕೇಳಾಕತ್ತೇವಿ, ಒಬ್ಬಾಕೀನೂ ಬಾಯಿ ಬಿಡವಲ್ಲಳು. ಐದೂ ಮಂದಿ ಖೋ-ಖೋ ಬಂದ್."

ನಾನು ಪೇಪರು ಎತ್ತಿಕೊಂಡೆ. 1/2 ಅಂದರೆ 0.20. 3/4 ಅಂದರೆ 0.30. 2.05ರಲ್ಲಿ 1.30 ಕಳೆದರೆ 0.15. ಎಲ್ಲದರ ಮೇಲೂ ಕೆಂಪು ಗುಣಾಕಾರ ಚಿಹ್ನೆ.

"ಸರ್, ಉತ್ತರಾ ಎಲ್ಲಾ ಬರೋಬರಿ ಅದಾವಲ್ರೀ," ಎಂದೆ.

ಮೂಲೆಯಲ್ಲಿ ಕುಳಿತಿದ್ದ ಗಣಿತದ ಮ್ಯಾಡಮ್ ನಿಧಾನವಾಗಿ ಎದ್ದು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. "ಹಲಗಿ ಮ್ಯಾಲ ಅರ್ಧ ಅಂತ ದಶಾಂಶದಾಗ ಬರೀರಿ, ನೋಡೂಣು."

ನಾನು ಫೇಟಾ ಸರಿಮಾಡಿಕೊಂಡು, ದೊಡ್ಡ ಅಕ್ಷರದಲ್ಲಿ 0.20 ಎಂದು ಬರೆದೆ.

ಮ್ಯಾಡಮ್ ಹಲಗೆ ನೋಡಿದರು, ಪೇಪರು ನೋಡಿದರು, ಹುಡುಗಿಯರನ್ನು ನೋಡಿದರು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಶಿಪಾಯಿ ತಾತ್ಯಾ ಮಾತ್ರ, "ಬರೋಬರಿ ಐತಲ್ರೀ ಮ್ಯಾಡಮ್, ಅರ್ಧಾ ಎಕರೆ," ಎಂದ. ಈ ಭೂಮಿಯ ಮೇಲೆ ಆ ಕ್ಷಣ ನನ್ನ ಪರವಾಗಿ ಇದ್ದವನು ಅವನೊಬ್ಬನೇ.

ಆಗ ಮ್ಯಾಡಮ್ಮರಿಗೆ ಎಲ್ಲವೂ ತಿಳಿಯಿತು. ಅವರು ಕುರ್ಚಿಯಲ್ಲಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಬಿಂದುವಿನ ಆಚೆ ಹತ್ತು ತುಂಬಿದರೆ ಒಂದು ಎನ್ನುವುದನ್ನು, ಐದನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ನನಗೆ ಹೇಳಿದರು. ಅರ್ಧ ಅಂದರೆ 0.5. ನಾನು ಹದಿನೈದು ದಿನ ಕಟ್ಟಿದ್ದ ಹಸಿರು ಹೊಲಗಳೆಲ್ಲಾ ಆ ಒಂದು ಬಿಂದುವಿನ ಪಕ್ಕ ಕುಸಿದುಬಿದ್ದವು.

"ಸರ್, ತಪ್ಪು ನಂದರೀ," ಎಂದೆ. "ನಾನ ಕಲಿಸೇನಿ. ಈ ಹುಡಿಗ್ಯಾರು ನಕಲು ಮಾಡಿಲ್ಲ. ನಾ ಹೇಳಿದ್ದನ್ನ ನಂಬ್ಯಾರ, ಅಷ್ಟ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ."

ಹೆಡ್ ಸರ್ ಸಾನಿಕಾಳ ಕಡೆ ತಿರುಗಿದರು. "ನಿನ್ನೆಯಿಂದ ಕೇಳಾಕತ್ತೇನಿ, ಅಪ್ಪ ಕಲಿಸ್ಯಾನ ಅಂತ ಯಾಕ ಹೇಳಲಿಲ್ಲ?"

ಅವಳು ಕಾಲ ಬೆರಳು ನೋಡುತ್ತಾ, "ಅಪ್ಪಗ ನಗ್ತಾರ ಅಂತ ಹೇಳಲಿಲ್ರೀ," ಎಂದಳು. ಉಳಿದ ನಾಲ್ವರೂ ಅವಳಿಗಾಗಿಯೇ ಬಾಯಿ ಮುಚ್ಚಿಕೊಂಡಿದ್ದರು. ಕಣ್ಣು ಒರೆಸಿಕೊಳ್ಳಲು ಫೇಟಾದ ಸೆರಗು ಒದಗಿ ಬಂತು. ಆ ಫೇಟಾದಿಂದ ಆ ದಿನ ಆದ ಉಪಯೋಗ ಅದೊಂದೇ.

ತೀರ್ಪು ಹೀಗಾಯಿತು. ನಕಲಿನ ಆರೋಪ ರದ್ದು. ಆದರೆ ಸೊನ್ನೆ ಸೊನ್ನೆಯೇ. ಸೋಮವಾರ ಮತ್ತೆ ಪರೀಕ್ಷೆ. ಪಾಸಾದರೆ ಇಚಲಕರಂಜಿ. ಅಲ್ಲಿಯವರೆಗೆ ನಾನು ಯಾವ ಮಗುವಿನ ಹತ್ತಿರವೂ ಗಣಿತದ ಮಾತೆತ್ತಬಾರದು.

ಮನೆಗೆ ಬಂದು ಎಲ್ಲಾ ಹೇಳಿದೆ. ಸುರೇಖಾ ಗೋಡೆಯ ತಂತಿಯಿಂದ ಡೇರಿ ಚೀಟಿಗಳ ಕಟ್ಟನ್ನು ಬಿಡಿಸಿ, ಐದು ಹುಡುಗಿಯರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಇಸ್ಪೀಟಿನಂತೆ ಹಂಚಿದಳು.

"6.5 ದೊಡ್ಡದೋ, 6.35 ದೊಡ್ಡದೋ?"

"6.5 ರೀ ಕಾಕೂ."

"ಯಾಕ?"

"ಐದರ ಮುಂದ ಸೊನ್ನಿ ಇಟ್ರ ಐವತ್ತು ಆಕ್ಕೈತ್ರಿ."

ಎರಡು ಸಂಜೆಗಳಲ್ಲಿ ಮುಗಿಯಿತು. ನಾನು ಶಿಕ್ಷೆಯ ಪ್ರಕಾರ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕುಳಿತು ಕೇಳಿಸಿಕೊಂಡೆ, ಮತ್ತು ಯಾರಿಗೂ ಹೇಳದೆ ಕಲಿತುಕೊಂಡೆ. ಸೋಮವಾರ ಐವರೂ ಪಾಸಾದರು.

ಇಚಲಕರಂಜಿಯ ಮೈದಾನದಲ್ಲಿ ನಾನು ಜನರ ನಡುವೆ, ಫೇಟಾ ಇಲ್ಲದೆ ಕುಳಿತಿದ್ದೆ. ಎಲ್ಲೋ ಮಗ್ಗಗಳ ಸಪ್ಪಳ ಒಂದೇ ಲಯದಲ್ಲಿ ಕೇಳುತ್ತಿತ್ತು, ಬಿಸಿಲು ಮೆತ್ತಗಿತ್ತು. ಸಾನಿಕಾ ಒಳಗೆ ಇಳಿದಳು. ಕಂಬ ಸುತ್ತಿ, ಬಗ್ಗಿ, ಹಿಡಿಯಲು ಬಂದವರ ಬೆರಳ ತುದಿಯಿಂದ ಜಾರಿ, ನಾನು ರವದಿಯ ಮೇಲೆ ಮಲಗಿ ಕಂಡ ಕನಸಿನ ಹಾಗೆಯೇ ಓಡಿದಳು. ಈ ಸಲ ನನ್ನ ಕಣ್ಣುಗಳು ತೆರೆದಿದ್ದವು. ಕೊನೆಗೆ ಔಟಾದಾಗ ಚಪ್ಪಾಳೆ ಬಿತ್ತು. ಲೆಕ್ಕ ಬರೆಯುವವರ ಮೇಜಿನ ಪಕ್ಕದ ಹಲಗೆಯ ಮೇಲೆ ಅವಳ ವೇಳೆ ಬರೆದರು: 1.30.

ಪಕ್ಕದಲ್ಲಿ ಕುಳಿತಿದ್ದ ಬಿಳಿ ಟೋಪಿಯ ಅಜ್ಜ ಕಣ್ಣು ಕಿರಿದು ಮಾಡಿ, "ಕಾಣವಲ್ದು ನೋಡ್ರಿ. ಆ ಹುಡುಗಿ ಎಷ್ಟೊತ್ತು ಆಡಿದಳ್ರೀ?" ಎಂದು ಕೇಳಿದ.

ನಾನು ಹಿಂದಿನ ತಪ್ಪು ಮಾಡುವವನಲ್ಲ. ನಲವತ್ತನ್ನು ಮನಸ್ಸಿನಿಂದ ಕಿತ್ತೊಗೆದು, ಹತ್ತರ ಲೆಕ್ಕವನ್ನು ಜಾಗ್ರತೆಯಿಂದ ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದೆ, "ಒಂದೂ ಕಾಲು ಮಿನಿಟಕ್ಕಿಂತ ಒಂದೀಟು ಹೆಚ್ಚರಿ. ಒಂದೂವರೆಗೆ ಭಾಳ ಕಮ್ಮಿ."

"ಹಲಗಿ ಮ್ಯಾಲ ಏನ ಬರದಾರ?"

"ಒಂದು ಬಿಂದು ಮೂವತ್ತು."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೂವತ್ತು ಸೆಕೆಂಡು ಅಂದ್ರ ಅರ್ಧಾ ಮಿನಿಟಲ್ರೀ. ಒಂದೂವರೆ ಆತು. ಇಲ್ಲಿ ಅರವತ್ತಕ್ಕ ಒಂದು."

ಹನ್ನೆರಡು ಸೆಕೆಂಡು! ಮಗಳು ಉಸಿರು ಕಟ್ಟಿ ಓಡಿ ಗಳಿಸಿದ ಹನ್ನೆರಡು ಸೆಕೆಂಡುಗಳನ್ನು ನನ್ನ ಹೊಸ ವಿದ್ಯೆ ಕಡಿದು ಹಾಕಿತ್ತು. ಹಳೆಯ ಗುಂಟೆಯ ಲೆಕ್ಕದಲ್ಲಾದರೂ ಒಂದೂ ಮುಕ್ಕಾಲು ಕೊಡುತ್ತಿದ್ದೆ.

"ಛಲೋ ಆಡ್ತಾಳ ಬಿಡ್ರಿ. ನಿಮ್ಮ ಮಗಳೇನ್ರೀ ಆಕಿ?" ಎಂದ ಅಜ್ಜ.

ಮೈದಾನದ ಆಚೆ ಸಾನಿಕಾ ನನ್ನತ್ತ ನೋಡಿ ಕೈ ಬೀಸುತ್ತಿದ್ದಳು. ಜನ ನನಗೆ ನಗಬಾರದೆಂದು ಆ ದಿನ ಹೆಡ್ ಸರ್ ಮುಂದೆ ಅವಳು ನನ್ನ ಹೆಸರು ಹೇಳಿರಲಿಲ್ಲ.

"ಅಲ್ರೀ," ಎಂದೆ. "ನಮ್ಮೂರಾಕಿ."