ಮೈದಾನಕ್ಕೆ ಬೆನ್ನು ಹಾಕಿದ ಅಭಿಮಾನಿ

ನಮ್ಮ ಭಾವನಂಥ ಫುಟ್‌ಬಾಲ್ ಅಭಿಮಾನಿ ಇಡೀ ಎಮಿರೇಟ್ಸಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಹನ್ನೊಂದು ವರ್ಷಗಳಿಂದ ತಮ್ಮ ಕಾಲೇಜಿನ ತಂಡದ ಒಂದೇ ಒಂದು ಪಂದ್ಯವನ್ನೂ ಅವರು ತಪ್ಪಿಸಿಲ್ಲ. ಒಂದೇ ಒಂದು ಪಂದ್ಯವನ್ನೂ ನೋಡಿಲ್ಲ!

ಭಾವ ಎಂದರೆ ನನ್ನ ಗಂಡನ ಅಣ್ಣ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಯಾವ ಗಾಡಿಯ ಯಾವ ಬೇರಿಂಗ್ ಯಾವ ಕಪಾಟಿನಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಲೆಕ್ಕಾಚಾರದ ಮನುಷ್ಯ. ಇಂಥವರ ತಲೆಯೊಳಗೆ ಅದು ಹೇಗೆ ಹೊಕ್ಕಿತೋ ಗೊತ್ತಿಲ್ಲ, ತಾವು ನೋಡಿದರೆ ತಂಡ ಸೋಲುತ್ತದೆ ಎಂಬುದು ಅವರ ನಂಬಿಕೆ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಒಂದು ಫೈನಲ್ ನೋಡುತ್ತಾ ಕೂತಿದ್ದರಂತೆ. ನಮ್ಮ ಬಲೆಗೆ ಎರಡು ಗೋಲು ಬಿತ್ತು. ಬೇಸರದಿಂದ ಎದ್ದು ಚಹಾ ಕುಡಿಯಲು ಹೋದರಂತೆ, ನಮ್ಮವರು ಎರಡು ಗೋಲು ತಿರುಗಿಸಿ ಕೊಟ್ಟರಂತೆ. ಗ್ಲಾಸು ಕೆಳಗಿಟ್ಟು ಓಡಿ ಬಂದು ನೋಡಿದ ಕ್ಷಣವೇ ಮೂರನೆಯದು ಬಿತ್ತಂತೆ. ಆ ಚಹಾವನ್ನು ನಿಧಾನಕ್ಕೆ ಕುಡಿದಿದ್ದರೆ ಕಪ್ ನಮ್ಮದಾಗುತ್ತಿತ್ತು ಎಂದು ಭಾವ ಇವತ್ತಿಗೂ ಕೊರಗುತ್ತಾರೆ.

ಇಲ್ಲಿ ದುಬೈಯಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ತಂಡ ಕಟ್ಟಿದ ಮೇಲೆ ಭಾವ ಮೊದಲ ಎರಡು ವರ್ಷ ಎಲ್ಲರಂತೆ ಗ್ಯಾಲರಿಯಲ್ಲೇ ಕೂತರು. ತಂಡ ಎಲ್ಲ ಪಂದ್ಯಗಳಲ್ಲೂ ಸೋತಿತು. ಆಟಗಾರರಿಗೆಲ್ಲ ನಲವತ್ತು ಹತ್ತಿರವಾಗಿ, ಜೆರ್ಸಿಯ ಮೇಲಿನ ನಂಬರು ಹೊಟ್ಟೆಯ ಮೇಲೆ ಅಗಲವಾಗಿ ಹಬ್ಬಿದ್ದು ಸೋಲಿಗೆ ಕಾರಣ ಇರಬಹುದೇ? ಛೆ, ಭಾವ ಅದನ್ನು ಒಪ್ಪುವವರೇ ಅಲ್ಲ. ಒಂದು ದಿನ ಎದ್ದು ಹೋಗಿ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ, ಮೈದಾನಕ್ಕೆ ಬೆನ್ನು ಹಾಕಿ ಕೂತರು. ಆ ದಿನ ತಂಡ ಗೆದ್ದಿತು. ಅಲ್ಲಿಗೆ ಖಲಾಸ್!

ಆಗಷ್ಟೇ ಮದುವೆಯಾಗಿ ಬಂದ ನನ್ನನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸಿ, ಫೋನಿನಲ್ಲಿ ವರದಿ ಮಾಡಲು ನೇಮಿಸಿದರು. ನನಗೋ ಫುಟ್‌ಬಾಲ್ ಎಂದರೆ ಏನೂ ಗೊತ್ತಿಲ್ಲ. ನೀಲಿ ಅಂಗಿಯವ ಬಿದ್ದ, ಕೆಂಪು ಅಂಗಿಯವನಿಗೆ ಸಿಟ್ಟು ಬಂದಿದೆ, ಸೀಟಿಯವರು ಜೇಬಿನಿಂದ ಏನೋ ಚೀಟಿ ತೆಗೆದರು ಎಂದೆಲ್ಲ ಹೇಳುತ್ತಿದ್ದೆ. ಭಾವ ತಾಳ್ಮೆಯಿಂದ ಕೇಳಿಕೊಂಡು, ಅದು ಕಾರ್ನರ್, ಅದು ಫೌಲ್ ಎಂದು ಕಾರಿನೊಳಗಿಂದಲೇ ನನಗೆ ಪಾಠ ಮಾಡುತ್ತಿದ್ದರು. ಹೀಗೆ, ಆಟ ನೋಡದವರಿಂದ ಆಟ ಕಲಿತವಳು ನಾನು.

ವಿಡಿಯೋ ನೋಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನಮ್ಮ ಹಳೆ ವಿದ್ಯಾರ್ಥಿ ಸಂಘದಲ್ಲಿ ಆಡುವವರು ಏಳು ಜನ, ಉಪಾಧ್ಯಕ್ಷರು ಒಂಬತ್ತು ಜನ. ಎಲ್ಲ ಪಂದ್ಯಗಳ ವಿಡಿಯೋ ತೆಗೆಯುವುದು ಅಧ್ಯಕ್ಷರ ಹೆಂಡತಿಯ ತಮ್ಮ. ಅದರಲ್ಲಿ ಅಧ್ಯಕ್ಷರು ಆಟಗಾರರ ಕೈಕುಲುಕುವುದು ಕಾಣುತ್ತದೆ, ಅಧ್ಯಕ್ಷರು ಚಪ್ಪಾಳೆ ತಟ್ಟುವುದು ಕಾಣುತ್ತದೆ, ಅಧ್ಯಕ್ಷರು ನೀರು ಕುಡಿಯುವುದು ಕಾಣುತ್ತದೆ. ಚೆಂಡು ಮಾತ್ರ ಈವರೆಗೆ ಕಂಡಿಲ್ಲ. ಅಧ್ಯಕ್ಷರು ಥಟ್ಟನೆ ಎದ್ದು ನಿಂತರೆ ಗೋಲಾಯಿತು ಎಂದು ತಿಳಿದುಕೊಳ್ಳಬೇಕು.

ಒಮ್ಮೆ ಶಾರ್ಜಾದಲ್ಲಿ ಭಾವ ಕಾರಿನಲ್ಲಿ ಕೂತಿದ್ದಾಗ ಒಳಗಿನ ಕನ್ನಡಿಯಲ್ಲಿ ಮೈದಾನದ ಒಂದು ಮೂಲೆ ಕಂಡುಬಿಟ್ಟಿತು. ತಂಡ ಸೋತಿತು. ಕನ್ನಡಿಯಲ್ಲಿ ಎಲ್ಲವೂ ಉಲ್ಟಾ ಕಾಣುವುದರಿಂದ ಸೋಲು ಗೆಲುವಾಗಬೇಕಿತ್ತಲ್ಲ ಎಂದು ನನ್ನ ಗಂಡ ಚುಡಾಯಿಸಿದ. ಭಾವ ಅದನ್ನು ಗಂಭೀರವಾಗಿ ಯೋಚಿಸಿ, ಇಲ್ಲ, ನೋಟ ನೋಟವೇ ಎಂದು ತೀರ್ಮಾನ ಕೊಟ್ಟರು. ಮುಂದಿನ ಪಂದ್ಯದಿಂದ ಕಾರಿನ ಮೂರೂ ಕನ್ನಡಿಗಳಿಗೆ ಟವೆಲ್ ಕಟ್ಟುವ ಕೆಲಸ ನನ್ನ ಮಗಳ ಪಾಲಿಗೆ ಬಂತು.

ಹತ್ತು ವರ್ಷದ ಅವಳು ಒಂದು ದಿನ ಟವೆಲ್ ಹಿಡಿದು ನಿಂತು ಕೇಳಿಯೇಬಿಟ್ಟಳು:

"ಬಟ್ ದೊಡ್ಡಪ್ಪ, ಹೌ ವಿಲ್ ದ ಬಾಲ್ ನೋ?"

"ಚೆಂಡಿಗೆ ಗೊತ್ತಾಗ್ಲಿಕ್ಕಿಲ್ಲ ಮಗಾ," ಎಂದರು ಭಾವ. "ನಮ್ಮ ಡಿಫೆಂಡರ್‌ಗಳಿಗೆ ಗೊತ್ತಾಗ್ತದೆ."

ನಮ್ಮ ಡಿಫೆಂಡರ್ ಎಂದರೆ ಅವಳ ಅಪ್ಪ. ಆ ದಿನ ಮನೆ ಮುಟ್ಟುವವರೆಗೆ ಅವನು ರೇಡಿಯೋ ಜೋರಾಗಿ ಹಾಕಿಕೊಂಡೇ ಕಾರು ಓಡಿಸಿದ.

ನಗುನಗುತ್ತಲೇ ಹೀಗೆ ಇನ್ನೂ ಹತ್ತು ವರ್ಷ ಕಳೆಯುತ್ತಿತ್ತೇನೋ. ಆದರೆ ಹೋದ ಚಳಿಗಾಲದಲ್ಲಿ ಭಾವನ ಅಂಗಡಿ ಕೈಬದಲಾಯಿತು. ಹೊಸ ಯಜಮಾನರಿಗೆ ಅರವತ್ತು ದಾಟಿದ ಸ್ಟೋರ್‌ಕೀಪರ್ ಬೇಡ. ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಕಂಪ್ಯೂಟರ್ ಬಂದಿತ್ತು. ವೀಸಾ ಕ್ಯಾನ್ಸಲ್ ಆಯಿತು. ಊರಿಗೆ ಬುಧವಾರದ ವಿಮಾನಕ್ಕೆ ಟಿಕೆಟ್, ಅದರ ಹಿಂದಿನ ಭಾನುವಾರ ಅಬುಧಾಬಿಯಲ್ಲಿ ಪಂದ್ಯ. ಉಡುಪಿ ಕಡೆಯ ಕಾಲೇಜಿನ ಅಬುಧಾಬಿ ತಂಡದ ಎದುರು, ಅವರದೇ ಊರಿನಲ್ಲಿ. ಅಲ್ಲಿ ನಾವು ಯಾವತ್ತೂ ಗೆದ್ದವರಲ್ಲ. ನಮ್ಮವರು ದುಬೈಯಲ್ಲಿ ಹೇಗೋ ಗೆಲ್ಲುತ್ತಾರೆ, ಅಬುಧಾಬಿಯ ಟೋಲ್ ಗೇಟ್ ದಾಟಿದ ಕೂಡಲೇ ಮೊಣಕಾಲು ನೋವು ಶುರುವಾಗುತ್ತದೆ.

ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಭಾವ ಮತ್ತು ನಾನು ಇಬ್ಬರೇ ಕಾರಿನಲ್ಲಿದ್ದೆವು. ಕಿಟಕಿಯಾಚೆ ನೋಡುತ್ತಾ ಅವರು ಹೇಳಿದರು:

"ನಮ್ಮವರು ಗೆಲ್ಲುವ ಒಂದು ಗೋಲು ಕಣ್ಣಾರೆ ನೋಡ್ಬೇಕಿತ್ತು ಮಾರಾಯ್ತಿ. ಇಡೀ ಜನ್ಮದಲ್ಲಿ ಒಂದು ನೋಡ್ಲಿಲ್ಲ."

"ಇವತ್ತು ಒಳಗೆ ಬನ್ನಿ ಭಾವ. ಹೇಗೂ ಕೊನೆಯ ಮ್ಯಾಚ್."

"ಕೊನೆಯ ಮ್ಯಾಚಿಗೆ ಸೋಲಿಸಿ ಹೋಗುವುದಾ ನಾನು?"

ಅವರ ಲೆಕ್ಕ ಹೀಗೆ: ನೋಡಿದರೆ ತಂಡ ಗೆಲ್ಲುವುದಿಲ್ಲ, ಗೆದ್ದರೆ ನೋಡಿದ್ದಿರುವುದಿಲ್ಲ. ಅಷ್ಟರಲ್ಲಿ ಗಂಡ ಕೈತುಂಬ ಚಿಪ್ಸ್ ಪೊಟ್ಟಣ ಹಿಡಿದುಕೊಂಡು ಬಂದ. ಡಿಫೆಂಡರ್!

ಅಲ್ ರೀಮ್ ಐಲ್ಯಾಂಡಿನ ಕಟ್ಟಡಗಳ ನಡುವೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ತಂಡಕ್ಕೆ ಏಳೇ ಜನ ಆಡುವ ಹುಲ್ಲುಹಾಸಿನ ಮೈದಾನ ಅದು. ಸಂಜೆ ನಾಲ್ಕಕ್ಕೆ ಆಟ ಶುರು. ಎದುರಾಳಿಗಳೋ, ಆಸ್ಪತ್ರೆ, ಹೋಟೆಲುಗಳಲ್ಲಿ ಕೆಲಸ ಮಾಡುವ ಮೂವತ್ತರೊಳಗಿನ ಹುಡುಗರು. ಅವರ ಗೋಲ್‌ಕೀಪರ್ ಟೂರಿಸ್ಟ್ ಕ್ಲಬ್ ಏರಿಯಾದ ಕ್ಲಿನಿಕ್ ಒಂದರಲ್ಲಿ ರಕ್ತ ತೆಗೆಯುವವನು, ಬಾಗಿಲಿನಷ್ಟು ಎತ್ತರ. ಅವರು ಓಡಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾಗ ನಮ್ಮವರು ಸೊಂಟಕ್ಕೆ ನೋವಿನ ಮುಲಾಮು ಹಚ್ಚಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಐದನೇ ನಿಮಿಷಕ್ಕೆ ನಮ್ಮ ಬಲೆಗೆ ಒಂದು ಗೋಲು ಬಿತ್ತು. ಫೋನಿನಲ್ಲಿ ಅದನ್ನು ಕೇಳಿದ್ದೇ ತಡ, ಭಾವ ಮೊದಲು ಟವೆಲ್ ಸರಿಯಿದೆಯೇ ಎಂದು ಮೂರೂ ಕನ್ನಡಿ ಪರೀಕ್ಷಿಸಿದರು. ಅರ್ಧ ಆಟ ಮುಗಿಯುವಾಗ ಅವರದೇ ಹುಡುಗನೊಬ್ಬ ತಲೆ ಕೊಟ್ಟು ಚೆಂಡನ್ನು ತನ್ನ ಬಲೆಗೇ ಸೇರಿಸಿದ್ದರಿಂದ ಒಂದಕ್ಕೊಂದು ಸಮವಾಯಿತು. ವಿರಾಮ ಕಳೆದು ನಮ್ಮವರು ಯಾವ ಹುಮ್ಮಸ್ಸಿನಲ್ಲೋ ಇನ್ನೊಂದು ಹೊಡೆದರು! ಅಧ್ಯಕ್ಷರು ಎದ್ದು ನಿಂತರು, ಆದ್ದರಿಂದ ಅದಕ್ಕೆ ವಿಡಿಯೋ ಸಾಕ್ಷಿಯೂ ಇದೆ.

ಆಗಲೇ ಆ ಅನಾಹುತವಾದದ್ದು. ಕಟ್ಟಡದ ಸೆಕ್ಯೂರಿಟಿಯವನು ಬಂದು, ಇದು ನಿವಾಸಿಗಳ ಜಾಗ, ಗಾಡಿ ತೆಗೆಯಿರಿ ಎಂದ. ಭಾವ ಬೇಡಿಕೊಂಡರು, ಅವನು ಒಪ್ಪಲಿಲ್ಲ. ಕನ್ನಡಿಗಳಿಗೆ ಟವೆಲ್ ಕಟ್ಟಿದ ಕಾರನ್ನು ಹಿಂದಕ್ಕೆ ತೆಗೆಯುವುದು ಹೇಗೆ? ಕತ್ತು ತಿರುಗಿಸಿ ನೋಡಲೇಬೇಕು. ಭಾವ ತಿರುಗಿ ನೋಡಿದರು. ಹಿಂದಿನ ಗಾಜಿನ ತುಂಬ ಮೈದಾನ! ಸರಿಯಾಗಿ ಆ ಹೊತ್ತಿಗೇ ನನ್ನ ಗಂಡ ಜಾರಿ ಬಿದ್ದ, ಅವರು ಎರಡನೆಯ ಗೋಲು ಹೊಡೆದರು. ಎರಡಕ್ಕೆ ಎರಡು. ಇದಕ್ಕೆ ಏನೆನ್ನುವುದು ನನಗೆ ಗೊತ್ತಿಲ್ಲ. ನಾನು ಮೂಢನಂಬಿಕೆಯವಳಲ್ಲ, ಆದರೆ ಆ ಕ್ಷಣದಲ್ಲಿ ನನಗೂ ಭಾವನ ಮೇಲೆ ಸಿಟ್ಟು ಬಂತು.

ಭಾವ ಕಾರನ್ನು ಇನ್ನೊಂದು ಕಡೆ ನಿಲ್ಲಿಸಿ, ಇಳಿದು ನಡೆಯತೊಡಗಿದರು. ಪಾರ್ಕಿಂಗ್‌ನಷ್ಟು ದೂರ ಸಾಲದು ಎಂದು ಅವರಿಗೆ ಅನಿಸಿತ್ತು. ಫೋನಿನಲ್ಲಿ ಗಾಡಿಗಳ ಸದ್ದು, ಗಾಳಿ, ಏದುಸಿರು ಕೇಳುತ್ತಿತ್ತು. ಐಲ್ಯಾಂಡಿನ ಸೇತುವೆಯ ಹತ್ತಿರ ಬಂದೆ, ಇನ್ನು ತೊಂದರೆ ಇಲ್ಲ, ಆಡ್ಲಿಕ್ಕೆ ಹೇಳು ಎಂದರು. ಇಲ್ಲಿ ನಮ್ಮ ಗೋಲ್‌ಕೀಪರ್ ಎರಡು ಸಲ ಹೊಟ್ಟೆಯಲ್ಲೇ ಚೆಂಡು ತಡೆದ. ಒಬ್ಬ ಸ್ನಾಯು ಹಿಡಿದುಕೊಂಡು ಹೊರಗೆ ಬಂದ. ಬದಲಿಗೆ ಹೋಗಲು ಇದ್ದವರು ಉಪಾಧ್ಯಕ್ಷರು ಮಾತ್ರ, ಆದ್ದರಿಂದ ಆರೇ ಜನ ಆಡಿದರು. ನನ್ನ ಗಂಡ ಮೊಣಕೈಯಲ್ಲಿ ರಕ್ತ ಸುರಿಯುತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಹನ್ನೊಂದು ವರ್ಷಗಳಲ್ಲಿ ಅವನು ಹಾಗೆ ಆಡಿದ್ದನ್ನು ನಾನು ಕಂಡದ್ದಿಲ್ಲ.

ಕೊನೆಯ ನಿಮಿಷ. ಗಂಡ ಕಣ್ಣು ಮುಚ್ಚಿ ಚೆಂಡನ್ನು ದೂರಕ್ಕೆ ಒದ್ದ. ಅಲ್ಲಿ ನಮ್ಮ ಕ್ಯಾಪ್ಟನ್ ನವೀನ ಸುಸ್ತಾಗಿ ಬಗ್ಗಿ, ಮೊಣಕಾಲು ಹಿಡಿದುಕೊಂಡು ನಿಂತಿದ್ದ. ಚೆಂಡು ಅವನ ಬೆನ್ನಿಗೆ ಬಡಿದು, ದಿಕ್ಕು ಬದಲಿಸಿ, ಬಾಗಿಲಿನಷ್ಟು ಎತ್ತರದ ಹುಡುಗನ ಪಕ್ಕದಿಂದ ನಿಧಾನವಾಗಿ ಒಳಗೆ ಹೋಯಿತು. ಗೋಲಾದದ್ದು ನವೀನನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು!

ನಾನು ಫೋನಿನಲ್ಲಿ ಕಿರುಚಿದೆ.

ಕಾಲು ಗಂಟೆಯಲ್ಲಿ ಭಾವ ಬೆವರುತ್ತಾ ಬಂದರು. ಬಂದವರೇ ಗೆಲುವಿನ ವಿಮರ್ಶೆ ಶುರು ಮಾಡಿದರು. ನವೀನ ಆ ಜಾಗದಲ್ಲಿ ನಿಂತದ್ದೇ ತಂತ್ರವಂತೆ. ಗೋಲ್‌ಕೀಪರ್‌ಗೆ ಮುಖ ತೋರಿಸದೆ ಬೆನ್ನು ಕೊಟ್ಟದ್ದು ಅನುಭವವಂತೆ. ಆರೇ ಜನ ಆದದ್ದರಿಂದ ಮೈದಾನದಲ್ಲಿ ಜಾಗ ಹೆಚ್ಚಾಯಿತಂತೆ. ಆಡಿದವರೆಲ್ಲ ಹುಲ್ಲಿನ ಮೇಲೆ ಮಲಗಿ, ತಾವು ಇಷ್ಟೆಲ್ಲ ಯೋಚಿಸಿ ಆಡಿದೆವೇ ಎಂದು ಬೆರಗಿನಿಂದ ಕೇಳಿಸಿಕೊಂಡರು.

ನವೀನ ನನ್ನ ಹತ್ತಿರ ಬಂದು, ಅಣ್ಣ ಇವತ್ತಾದರೂ ನೋಡಿದರಾ ಎಂದು ಮೆಲ್ಲಗೆ ಕೇಳಿದ. ಸೇತುವೆಯ ಹತ್ತಿರ ಇದ್ದರು ಎಂದೆ. ಪೆಟ್ರೋಲ್ ಪಂಪಿನಲ್ಲಿ ಅವರು ಹೇಳಿದ್ದನ್ನೂ ಹೇಳಿದೆ. ಅವನು ಕುಂಟುತ್ತಾ ಎದುರಾಳಿಗಳ ಕಡೆ ಹೋದ. ಅವರ ಗೋಲ್‌ಕೀಪರ್ ಆಗಲೇ ಕೈಚೀಲ ಹೆಗಲಿಗೇರಿಸಿದ್ದ. ನವೀನನ ಮಾತು ಕೇಳಿ ಚೀಲ ಕೆಳಗಿಟ್ಟು ಪುನಃ ಗ್ಲೌಸ್ ತೊಟ್ಟ. ಮುಂದಿನ ಗಂಟೆಗೆ ಮೈದಾನ ಬಾಡಿಗೆಗೆ ಹಿಡಿದಿದ್ದ ಅರಬ್ಬಿ ಹುಡುಗರು ಗಡಿಯಾರ ತೋರಿಸಿದರು. ಅವರಿಗೂ ವಿಷಯ ಹೇಳಬೇಕಾಯಿತು. ಯಲ್ಲಾ, ಆಗಲಿ, ನಾವೂ ನೋಡುತ್ತೇವೆ ಎಂದು ಅವರೂ ಗೆರೆಯ ಮೇಲೆ ಕೂತರು.

"ಅಣ್ಣ, ಮ್ಯಾಚ್ ಮುಗಿದಿದೆ," ಎಂದ ನವೀನ. "ಇನ್ನು ನೀವು ಎಷ್ಟು ನೋಡಿದ್ರೂ ನಾವು ಸೋಲ್ಲಿಕ್ಕಿಲ್ಲ. ಇಲ್ಲಿ ನಿಲ್ಲಿ."

ಭಾವನನ್ನು ಕೈಹಿಡಿದು ತಂದು ಬಲೆಯ ಪಕ್ಕದಲ್ಲೇ ನಿಲ್ಲಿಸಿದರು. ಎಲ್ಲರೂ ಕೊನೆಯ ನಿಮಿಷದಲ್ಲಿ ನಿಂತಿದ್ದ ಜಾಗಗಳಿಗೆ ಹೋದರು. ನವೀನ ಬಗ್ಗಿ ಮೊಣಕಾಲು ಹಿಡಿದ. ನನ್ನ ಗಂಡ ಒದ್ದ. ಚೆಂಡು ಬೇಲಿ ದಾಟಿ ಹೋಯಿತು. ಎರಡನೆಯ ಸಲ ಬೆನ್ನಿಗೆ ಬಡಿಯಿತು, ಆದರೆ ಕಂಬಕ್ಕೆ ತಾಗಿ ಹೊರಗೆ ಹೋಯಿತು. ಮನುಷ್ಯ ಪ್ರಯತ್ನದಿಂದ ಆಗದ ಗೋಲನ್ನು ಪುನಃ ಮಾಡುವುದು ಸುಲಭವೇ? ಭಾವ, ನಾನು ಹೇಳಿದೆನಲ್ಲ ಎಂಬಂತೆ ನನ್ನ ಮುಖ ನೋಡಿ, ಕಾರಿನ ಕಡೆ ತಿರುಗಿದರು.

"ಅಣ್ಣ, ಹೋಗ್ಬೇಡಿ," ಎಂದು ಕರೆದದ್ದು ಅಬುಧಾಬಿಯ ಗೋಲ್‌ಕೀಪರ್. "ನಿಮ್ಮ ಕಣ್ಣಿನ ದೋಷ ಅಲ್ಲ ಅದು. ನಿಮ್ಮ ತಮ್ಮನ ಕಾಲಿಂದು."

ಭಾವ ನಿಂತರು. ಮೂರನೆಯ ಸಲ ಗಂಡ ಒದೆಯುವ ಮೊದಲು ಅಣ್ಣನ ಕಡೆ ಒಮ್ಮೆ ನೋಡಿದ. ಚೆಂಡು ಬೆನ್ನಿಗೆ ತಾಗಿ, ಪುಟಿದು, ತಿರುಗಿತು. ಗೋಲ್‌ಕೀಪರ್ ಮೈಯೆಲ್ಲ ಚಾಚಿ ಹಾರಿದ, ಬೇಕೆಂದೇ ಬೇರೆ ಕಡೆಗೆ. ಇಷ್ಟು ವರ್ಷ ವರದಿ ಮಾಡಿದವಳಿಗೆ ಅಷ್ಟು ಗೊತ್ತಾಗದೇ? ಚೆಂಡು ಉರುಳಿ ಬಂದು, ಭಾವನಿಂದ ಎರಡೇ ಹೆಜ್ಜೆ ದೂರದಲ್ಲಿ, ಬಲೆಗೆ ತಾಗಿ ನಿಂತಿತು.

ಅರಬ್ಬಿ ಹುಡುಗರು ಸೀಟಿ ಹೊಡೆದರು, ಎರಡೂ ತಂಡದವರು ಚಪ್ಪಾಳೆ ತಟ್ಟಿದರು. ಭಾವ ಕೂಗಲಿಲ್ಲ, ಕೈ ಎತ್ತಲಿಲ್ಲ. ಇನ್ನೂ ಅಲುಗಾಡುತ್ತಿದ್ದ ಬಲೆಯನ್ನೇ ನೋಡುತ್ತಾ ನಿಂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಚೆಂಡು ಬಲೆಗೆ ತಾಗಿದ್ರೆ ಇಷ್ಟು ಸಣ್ಣ ಶಬ್ದವಾ ಮಾರಾಯ್ತಿ?" ಎಂದು ಕೇಳಿದರು.

ನನಗೂ ಅಳು ಬಂತು. ಹನ್ನೊಂದು ವರ್ಷ ಯಾರು ಒದ್ದರು, ಯಾರು ಬಿದ್ದರು, ಯಾರಿಗೆ ಸಿಟ್ಟು ಬಂತು ಎಂದು ಎಲ್ಲವನ್ನೂ ಅವರಿಗೆ ಹೇಳಿದ್ದೆ. ಇದೊಂದನ್ನು ಹೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.