ಎದೆಯಲ್ಲಿ ಬಿಡಾರ ಹೂಡಿದ ಗ್ಯಾಸ್ಟ್ರಿಕ್ ಅವರಿಗೆ

ಇವರಿಗೆ,
ಸನ್ಮಾನ್ಯ ಶ್ರೀ ಗ್ಯಾಸ್ಟ್ರಿಕ್ ಅವರು,
ಖಾಯಂ ವಿಳಾಸ: ಹೊಟ್ಟೆ.
ಹಾಲಿ ಬಿಡಾರ: ಹಾಸನದ ಜನರ ಎದೆ, ಬೆನ್ನು, ಎಡಭುಜ ಇತ್ಯಾದಿ.

ಮಾನ್ಯರೇ,

ನಮ್ಮೂರಿನ ಸಮಸ್ತ ಸೋಡಾ ಅಂಗಡಿಗಳ, ಜೀರಿಗೆ ಡಬ್ಬಿಗಳ ಹಾಗೂ ಇಂಗು ಹಾಕಿದ ಮಜ್ಜಿಗೆ ಲೋಟಗಳ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ, ಏಕೆಂದರೆ ತಮ್ಮ ಕ್ಷೇಮಕ್ಕೆ ಇಲ್ಲಿ ಎಂದೂ ಕೊರತೆಯಾಗಿಲ್ಲ. ನಾನು ಭಾನುಪ್ರಿಯಾ. ಎಪ್ಪತ್ತು ತುಂಬುವ ಮೊದಲೇ ತೀರಿಕೊಂಡವರು ಯಾರು, ಯಾವ ಕಾರಣಕ್ಕೆ ಎಂದು ಹಾಸನದಲ್ಲಿ ಮನೆಮನೆಗೂ ಹೋಗಿ ವಿಚಾರಿಸುವ ಒಂದು ಸಮೀಕ್ಷೆಯಲ್ಲಿ ಕೆಲಸ ಮಾಡುವವಳು. ಕೇಳುವುದು ಸಂಕಟದ ಕೆಲಸ, ಲೆಕ್ಕ ಮಾತ್ರ ಸುಲಭ. ಎಪ್ಪತ್ತರಲ್ಲಿ ಅವರ ವಯಸ್ಸನ್ನು ಕಳೆದರೆ ಉಳಿಯುವುದು ಅವರು ಬದುಕಬೇಕಾಗಿದ್ದ ವರ್ಷಗಳು.

ಹೋದ ಮನೆಯಲ್ಲೆಲ್ಲ ತಮ್ಮದೇ ಹೆಸರು. ಮೊನ್ನೆ ಲಕ್ಕಮ್ಮ ಎಂಬವರ ಮನೆಯಲ್ಲಿ, ಐವತ್ತು ದಾಟದ ಮಗನ ಫೋಟೋದ ಕೆಳಗೆ ಕುಳಿತು ಅವರು ಹೇಳಿದ್ದು ಇಷ್ಟೇ: "ಏನೂ ಕಾಯ್ಲೆ ಇರ್ನಿಲ್ಲ ಕಣವ್ವ. ಎದೆ ಇಡ್ಕಂಡಂಗಾಯ್ತದೆ ಅಂದ. ಗ್ಯಾಸ್ ಅಲ್ವಾ ಅಂತ ಸೋಡಾ ಕುಡ್ದು ಮನಿಕ್ಕಂಡ, ಏಳ್ನೇ ಇಲ್ಲ." ನಮ್ಮ ಟ್ಯಾಬಿನಲ್ಲಿ ಸಾವಿನ ಕಾರಣಗಳ ಉದ್ದನೆಯ ಪಟ್ಟಿಯೇ ಇದೆ, ಆದರೆ ತಮಗೆಂದು ಅಲ್ಲೊಂದು ಜಾಗವಿಲ್ಲ. ಮನೆಯವರು ಹೇಳಿದ್ದನ್ನು ತಿದ್ದಬಾರದೆಂಬ ಕಟ್ಟಪ್ಪಣೆ ಬೇರೆ ಇದ್ದುದರಿಂದ ನಾವೆಲ್ಲರೂ 'ಇತರೆ' ಎಂಬುದನ್ನು ಒತ್ತುತ್ತಾ ಹೋದೆವು. ಕಡೆಗೆ ನಮ್ಮ ಮೇಲ್ವಿಚಾರಕ ಡಾಕ್ಟರು ರಜನೀಶ್ ಅವರು ಮೀಟಿಂಗಿನಲ್ಲಿ ಗಂಟಲು ಸರಿಮಾಡಿಕೊಂಡು, ನಗರದಲ್ಲಿ ಅಕಾಲ ಮರಣಕ್ಕೆ ಮೊದಲನೆಯ ಕಾರಣ 'ಇತರೆ' ಎಂದು ಓದಿ, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಬೇರೆ ಹೆಸರಿನಲ್ಲಿಯಾದರೂ ಮೊದಲ ಸ್ಥಾನ ಗಿಟ್ಟಿಸಿದ ತಮಗೆ ಹಾರ್ದಿಕ ಅಭಿನಂದನೆಗಳು.

ತಮ್ಮ ದೊಡ್ಡ ಮನಸ್ಸನ್ನು ಎಷ್ಟು ಹೊಗಳಿದರೂ ಸಾಲದು. ಹೃದಯಾಘಾತ ಎಂಬ ಕಳ್ಳ ತಮ್ಮ ಹೆಸರು ಹೇಳಿಕೊಂಡು ಮನೆಯೊಳಗೆ ಬರುತ್ತಾನೆ, ನಾವು ಅವನಿಗೆ ನಿಂಬೆಹಣ್ಣಿನ ಸೋಡಾ ಕೊಟ್ಟು ಉಪಚರಿಸುತ್ತೇವೆ, ಅವನು ಕೆಲಸ ಮುಗಿಸಿಕೊಂಡು ಹೋಗುತ್ತಾನೆ, ಅಪವಾದ ಹೊರುವವರು ತಾವು. ಒಂದು ದಿನವಾದರೂ ತಾವು ಎದ್ದು ನಿಂತು, ಅದು ನಾನಲ್ಲ ಸ್ವಾಮಿ, ನಾನು ಆವತ್ತು ರಜೆಯಲ್ಲಿದ್ದೆ ಎಂದು ಹೇಳಿದ್ದುಂಟೇ?

ಈಗ ನನ್ನ ಮನೆಯ ವಿಚಾರಕ್ಕೆ ಬರುತ್ತೇನೆ. ನಮ್ಮ ಯಜಮಾನರು ನಾಗೇಶ್, ನಲವತ್ತಾರು ವರ್ಷ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಚನ್ನರಾಯಪಟ್ಟಣದಿಂದ ಬಂದ ಬಸ್ಸು ಗೇಟಿನಲ್ಲಿ ತಿರುಗುವಾಗಲೇ ಅದರ ಇಂಜಿನ್ನಿನ ಕಾಯಿಲೆ ಹೇಳಬಲ್ಲ ಈ ಮಹಾಶಯರು, ಸ್ವಂತ ಎದೆ ಉರಿದು ಎಡಗೈ ಜೋಮು ಹಿಡಿದು ಮೆಟ್ಟಿಲ ಮೇಲೆ ಬೆವರುತ್ತಾ ಕುಳಿತಾಗ ಕಂಡುಹಿಡಿದ ಕಾಯಿಲೆ ಯಾವುದು ಗೊತ್ತೇ? ತಾವೇ! ಅತ್ತೆ ಮಾದಮ್ಮನವರೂ ದುದ್ದದಿಂದ ಓಂಕಾಳಿನ ಗಂಟು ಹಿಡಿದು ಬಂದವರು ಮಗನ ಪರವೇ ನಿಂತರು: "ನಮ್ ವಂಸ್ದಲ್ಲೇ ಆರ್ಟು ಗೀರ್ಟು ಯಾರ್ಗೂ ಬಂದಿಲ್ಲ ಕಣವ್ವ. ನಿಮ್ ಮಾವ ಓಗಿದ್ದು ಗ್ಯಾಸು, ಅವರಣ್ಣ ಓಗಿದ್ದೂ ಗ್ಯಾಸು." ಆಸ್ಪತ್ರೆಗೆ ಬನ್ನಿ ಎಂದು ಕಣ್ಣೀರಿಟ್ಟೆ, ಕೂಗಾಡಿದೆ, ಒಂದು ಹೊತ್ತಿನ ಊಟ ಬಿಟ್ಟೆ. ಇವರದು ಒಂದೇ ಹಟ: "ಆ ಕ್ಯೂನಾಗೆ ನಿಂತ್ಕಂಡ್ರೆ ಇಲ್ದಿರೋ ಆರ್ಟ್ ಅಟ್ಯಾಕೂ ಬತ್ತದೆ ಕಣೆ."

ನನ್ನ ಹಾಳು ತಲೆ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು. ಎಪ್ಪತ್ತರಲ್ಲಿ ನಲವತ್ತಾರು ಹೋದರೆ ಇಪ್ಪತ್ತನಾಲ್ಕು. ಅಷ್ಟು ವರ್ಷ ಈ ಮನುಷ್ಯನ ಗೊರಕೆಯಿಲ್ಲದೆ ಮಲಗುವುದು ಹೇಗೆ? ಆಗ ನೆನಪಿಗೆ ಬಂದವರು ತಾವು. ಹೃದಯದ ಹೆಸರಿಗೆ ಜಗ್ಗದವರು ತಮ್ಮ ಹೆಸರಿಗೆ ಜಗ್ಗಬಹುದಲ್ಲವೇ? ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ ನಿಮ್ಮ ಎದೆಯಲ್ಲಿ ಗ್ಯಾಸು ಸಿಕ್ಕಿಕೊಂಡಿದೆ, ಅದನ್ನು ಎಳೆದು ತೆಗೆಯುವ ಮಿಷನ್ನು ಆಸ್ಪತ್ರೆಗೆ ಬಂದಿದೆಯಂತೆ ಎಂದು ಇವರಿಗೆ ಹೇಳಿದೆ. "ಏರ್ ಲಾಕಾ? ಅಂಗನ್ನು ಮತ್ತೆ!" ಎನ್ನುತ್ತಾ ಯಜಮಾನರು ತಾವಾಗಿಯೇ ಚಪ್ಪಲಿ ಹಾಕಿಕೊಂಡು ಆಟೋ ಹತ್ತಿದರು.

ದೇವರು ದೊಡ್ಡವನು, ಅಲ್ಲಿದ್ದುದು ಹಳೇ ಕಾಲದ ಇಸಿಜಿ ಯಂತ್ರ. ಎದೆಗೆ ಕಚ್ಚಿಕೊಳ್ಳುವ ರಬ್ಬರ್ ಬುಗ್ಗೆಗಳನ್ನು ಕಂಡು ಇವರಿಗೆ ಇದ್ದಬದ್ದ ಅನುಮಾನವೂ ಹೋಯಿತು. "ಎಳೀತಾ ಅದೆ ಕಣೆ, ಎಳೀತಾ ಅದೆ" ಎಂದು ಕಣ್ಣು ಮುಚ್ಚಿ ನಗುತ್ತಾ ಮಲಗಿದವರ ಪಕ್ಕದಲ್ಲಿ ಕಾಗದ ನೋಡಿದ ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಆಮೇಲೆ ಎಲ್ಲರೂ ಓಡಿದರು, ನಾನೂ ಓಡಿದೆ. ಸಂಜೆಯ ಹೊತ್ತಿಗೆ ಅವರ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು, ಅವರು ಬದುಕಿದ್ದರು, ನಾನು ಕಾರಿಡಾರಿನಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರನ್ನು ತಬ್ಬಿಕೊಂಡು ನಗುತ್ತಿದ್ದೆ.

ಈಗ ಇವರು ಡಿಪೋದವರಿಗೆಲ್ಲ ಹೇಳಿಕೊಂಡು ಬರುತ್ತಿರುವ ಕಥೆಯೇ ಬೇರೆ: "ಗ್ಯಾಸ್ ಬಾರಿ ಗಟ್ಟಿಯಾಗಿ ಕುಂತ್ಬುಟ್ಟಿತ್ತು ಕಣ್ಲಾ, ಸ್ಪ್ರಿಂಗ್ ಹಾಕಿ ಏರ್ ಬುಟ್ರು." ಕೇಳಿದವರು ಒಬ್ಬೊಬ್ಬರಾಗಿ ಗ್ಯಾಸ್ ತೆಗೆಸಲು ಹೊರಟಿದ್ದಾರೆ. ಅತ್ತೆಯವರಂತೂ ಹೊಳೆನರಸೀಪುರ, ಅರಕಲಗೂಡಿನ ನೆಂಟರಿಗೆಲ್ಲ ಫೋನು ಮಾಡಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಯಾವ ಹೆಸರಿನಲ್ಲಾದರೂ ಸರಿ, ಆಸ್ಪತ್ರೆಗೆ ಹೋಗಲಿ!

ಆದ್ದರಿಂದ ಮಹಾಸ್ವಾಮಿಗಳಾದ ತಮ್ಮಲ್ಲಿ ನನ್ನ ಕೋರಿಕೆ ಏನೆಂದರೆ, ತಮ್ಮ ಕೇಂದ್ರಸ್ಥಾನ ಹೊಟ್ಟೆಯಾಗಿರುವಾಗ ವರ್ಗಾವಣೆಯ ಆದೇಶವಿಲ್ಲದೆ ಎಡಭುಜಕ್ಕೆ ಹೋಗಿ ಕೂರಬಾರದು. ಹೋಗಲೇಬೇಕಾದರೆ ಸಮವಸ್ತ್ರ ತೊಟ್ಟು ಹೋಗಬೇಕು. ತಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಬಾಗಿಲು ತಟ್ಟಿದರೆ ಕೂಡಲೇ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಲಕ್ಕಮ್ಮನವರ ಮನೆಗೆ ಹೋಗಿ, ಆವತ್ತು ಬಂದವನು ನಾನಲ್ಲ ತಾಯಿ ಎಂದು ತಾವೇ ಹೇಳಬೇಕು, ಏಕೆಂದರೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ತಮ್ಮ ಮೇಲೆ ಇನ್ನು ಎಳ್ಳಷ್ಟೂ ವಿಶ್ವಾಸ ಉಳಿದಿಲ್ಲದ,
ತಮ್ಮ ವಿಶ್ವಾಸಿ,
ಭಾನುಪ್ರಿಯಾ ನಾಗೇಶ್
ಹಾಸನ

ವಿ.ಸೂ.: ಈ ಪತ್ರ ಮುಗಿಸುವಷ್ಟರಲ್ಲಿ ಒಳಗಿನಿಂದ ಯಜಮಾನರು "ಭಾನೂ, ಎದೆ ಒಂಥರಾ ಆಯ್ತಾ ಅದೆ" ಎಂದರು. ಪೆನ್ನು ಎಸೆದು, ಆಟೋ ಹಿಡಿದು, ಅದೇ ಆಸ್ಪತ್ರೆಗೆ ಕರೆದುಕೊಂಡು ಓಡಿದೆ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಮಧ್ಯಾಹ್ನ ಏನು ತಿಂದಿರಿ ಎಂದು ಕೇಳಿ, ಹುರುಳಿಕಾಳಿನ ಬಸ್ಸಾರು, ಎರಡು ಮುದ್ದೆ ಎಂದು ತಿಳಿದು, ಇದು ಬರೀ ಗ್ಯಾಸು ಎಂದರು. ಯಜಮಾನರು ವಾರ್ಡೆಲ್ಲ ತಿರುಗಿ ನೋಡುವಂತೆ ಒಮ್ಮೆ ತೇಗಿದರು. ನಾನು ಗೊಳೋ ಎಂದು ಅತ್ತುಬಿಟ್ಟೆ. ತಮ್ಮ ಆಗಮನದಿಂದ ಇಷ್ಟು ಸಂತೋಷಪಟ್ಟವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಬಂದದ್ದಕ್ಕೆ ಧನ್ಯವಾದ. ಆದರೂ ಮುಂದಿನ ಸಲ ನಮ್ಮ ಮನೆಗೆ ಬರುವಾಗ ಗುರುತಿನ ಚೀಟಿಯಾಗಿ ಇಸಿಜಿ ತರತಕ್ಕದ್ದು. ತಾವು ತಾವೇ ಎಂದು ಬಾಯಿಮಾತಿನಲ್ಲಿ ಹೇಳಿದರೆ ಇನ್ನು ನಮ್ಮಲ್ಲಿ ಯಾರೂ ಸೋಡಾ ಒಡೆಯುವುದಿಲ್ಲ.