ಮಾವನ ರಸಮಟ್ಟ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಚಪ್ಪಲಿ ನೆನಪಿರುತ್ತದೆ! ಬೆಂಗಳೂರಿನ ಹೂಡಿಯಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ಬೆಳಗಾದರೆ ಬಾಡಿಗೆದಾರರ ಬಾಗಿಲಲ್ಲಿ ಕುಳಿತು ಒಂದೊಂದೇ ಚಪ್ಪಲಿ ಮಗುಚಿ ನೋಡುತ್ತಾನೆ. “ಈ ಮೇಡಮ್ಮಂದು ಎಡಗಡೆ ಹಿಮ್ಮಡಿ ಸವೆದೈತೆ. ಸೊಂಟ ಸೊಟ್ಟ, ಪಾಪ!” ಮೇಡಂ ಈಗ ಚಪ್ಪಲಿಯನ್ನು ಅಡುಗೆಮನೆಯಲ್ಲಿ ಇಡುತ್ತಾರೆ.

ಈ ವಿದ್ಯೆ ಎಲ್ಲಿಂದ ಬಂತು ಅಂತೀರಾ? ನೆಲಮಹಡಿಯ ಅಂಗಡಿಗೆ ಒಬ್ಬ ಕೈರೋಪ್ರಾಕ್ಟರ್ ಬಂದರು. ಮಾತ್ರೆ, ಸೂಜಿ ಏನೂ ಇಲ್ಲದೆ ಬರಿಗೈಯಲ್ಲಿ ಬೆನ್ನುಮೂಳೆ ಒತ್ತಿ ಸರಿಮಾಡುವವರು. ಅವರು ಬರುವ ಮುಂಚೆಯೇ ಜಗಲಿಯ ಬೆಂಚಿನಲ್ಲಿ ಕೂತಿರುವ ಮಾವ, ಅವರು ಬೀಗ ಹಾಕಿ ಹೋದಮೇಲೇ ಏಳುವುದು. ಮನೆ ಓನರಿಗೆ ಎದ್ದು ಹೋಗಿ ಎನ್ನಲು ಯಾವ ಡಾಕ್ಟರಿಗೆ ಧೈರ್ಯ ಬಂದೀತು? ಹೀಗೆ ಕೂತೂ ಕೂತೂ ಮಾವ ಅರ್ಧ ಡಾಕ್ಟರಾದ. ಉಳಿದರ್ಧ ಮೇಸ್ತ್ರಿ! ಮನೆ ಕಟ್ಟಿಸುವಾಗಿನ ರಸಮಟ್ಟ ಅವನ ಬಳಿ ಇತ್ತಲ್ಲ, ಗೋಡೆ ಸಮವಿದೆಯೇ ಎಂದು ನೋಡುವ ಆ ಗುಳ್ಳೆಯ ಪಟ್ಟಿಯನ್ನು ಜನರ ಭುಜದ ಮೇಲಿಡತೊಡಗಿದ.

ಮೊದಲ ಬಲಿ ನಾನೇ. ಕಾಲ್ ಸೆಂಟರಿನಲ್ಲಿ ಒಂಬತ್ತು ಗಂಟೆ ಕತ್ತು ವಾಲಿಸಿಕೊಂಡು ಪರದೇಶದವರ ಬೈಗುಳ ಕೇಳಿ, ಕುಂದಲಹಳ್ಳಿಯ ಟ್ರಾಫಿಕ್ಕಿನಲ್ಲಿ ಉಳಿದ ಆಯುಷ್ಯ ಕಳೆದು, ಹಿಂಡಿ ಹಾಕಿದ ಬಟ್ಟೆಯಂತೆ ಮನೆಗೆ ಬರುತ್ತೇನೆ. ಮನೆ ಅಂದರೆ ಮಾವನದೇ.

“ಬಂದ್ಯಾ? ನಿಂತ್ಕೋ.”

“ಸುಸ್ತಾಗ್ಬಿಟ್ಟಿದೆ ಮಾವ, ನಾಳೆ...”

“ನಾಳೆಗೆ ನೆಟ್ಟಗಾಗ್ಬಿಡ್ತೀಯಾ? ನಿಂತ್ಕೋ ಅಂದೆ!”

ಗುಳ್ಳೆ ಎಡಕ್ಕೆ ಓಡಿತು. “ಬಲಭುಜ ಇಳಿದೈತೆ. ಗೋಡೆ ಆಗಿದ್ರೆ ಒಡೆಸಿ ಕಟ್ಟಿಸ್ತಿದ್ದೆ!”

ಆಮೇಲೆ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು. ಬೆನ್ನು ಸರಿಯಿದ್ದರೆ ಕಣ್ಣಿನ ಹಂಗಿಲ್ಲದೆ ಕಾಲಿಗೆ ನೆಲ ತಿಳಿಯುತ್ತದಂತೆ. “ನೆಲ ಗೊತ್ತಾಯ್ತದಾ, ಹೇಳು?” ದಿನಾ ಅದೇ ಪ್ರಶ್ನೆ. ನನಗೆ, ಹಾಲಿನವನಿಗೆ, ಕರೆಂಟ್ ಮೀಟರ್ ನೋಡಲು ಬಂದವನಿಗೆ! “ನೆಲ ಅಲ್ಲ ಮಾವ, ಹಾಸಿಗೆ ಕಾಣಿಸ್ತಿದೆ” ಎಂದು ನಾನು ಅಲ್ಲೇ ತೂಕಡಿಸುತ್ತಿದ್ದೆ. ಮಾವ ಮಾತ್ರ ಒಂದು ದಿನವೂ ನಿಂತವನಲ್ಲ. ಕೇಳಿದರೆ, “ಮೇಷ್ಟ್ರು ಎಲ್ಲಾದ್ರೂ ಪರೀಕ್ಷೆ ಬರೀತಾರೇನೋ?”

ನಾನೇನು ಕಡಿಮೆಯೇ? ಸಿಕ್ಕವರನ್ನೆಲ್ಲ ಅಣಕಿಸುವುದು ನನ್ನ ಹುಟ್ಟುಗುಣ. ನನ್ನ ಗೊರಕೆಯನ್ನೂ ನಾನೇ ಮಾಡಿ ತೋರಿಸಬಲ್ಲೆ. ಒಂದು ಭಾನುವಾರ ಜಗಲಿಯಲ್ಲಿ ಮಾವನ ನಡಿಗೆ ಎತ್ತಿಕೊಂಡೆ. ಕಾಲು ಅಗಲಿಸಿ, ನೆಲ ನೋಡುತ್ತ, ಪಟ್ ಪಟ್ ಎಂದು ಹೆಜ್ಜೆ ಅಪ್ಪಳಿಸುತ್ತ, ಗೋಡೆಗೊಂದು ಬೆರಳು ಸವರುತ್ತ ಹೊರಟೆ. ಅತ್ತೆ ನಕ್ಕು ನಕ್ಕು ಕೂತುಬಿಟ್ಟಳು. ಮಾವನೂ ನಕ್ಕ. ಅಂಗಡಿ ಬಾಗಿಲಲ್ಲಿ ನಿಂತಿದ್ದ ಡಾಕ್ಟರು ನಗಲಿಲ್ಲ.

“ಇದರಲ್ಲಿ ನೀವು ಸೇರಿಸಿದ್ದೆಷ್ಟು?” ಎಂದರು.

“ಏನೂ ಇಲ್ಲ ಸಾರ್. ಮಾವ ನಡೆಯೋದೇ ಹೀಗೆ.” ಹೇಳುವಾಗಲೇ ನನಗೆ ಹೊಳೆಯಿತು: ಉಪ್ಪು ಖಾರ ಹಚ್ಚದೆ ನಾನು ಮಾಡಿದ ಒಂದೇ ಒಂದು ಅಣಕ ಅದು.

“ಓನರ್ ಸಾರ್, ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿ.”

ಮಾವ ನಿಂತ. ಕಣ್ಣು ಮುಚ್ಚಿದ. ಕಡಿದ ಬಾಳೆಗಿಡದಂತೆ ವಾಲಿದವನನ್ನು ನಾನು ತಬ್ಬಿ ಹಿಡಿದೆ.

“ಕತ್ತಿನಲ್ಲಿ ನರ ಒತ್ತಿಕೊಂಡಿರಬಹುದು. ನಾನು ಕೈ ಹಾಕಲ್ಲ. ನಾಳೆನೇ ನರದ ಡಾಕ್ಟರ ಹತ್ರ ಕರ್ಕೊಂಡು ಹೋಗಿ” ಎಂದರು ಡಾಕ್ಟರು.

ಮಾವ ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದ: “ಕಣ್ಮುಚ್ಚಿದ್ರೆ ನೆಲ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ ಕಣೋ. ವರ್ಷ ಆಯ್ತು. ಎಲ್ರಿಗೂ ಅಂಗೇನಾ ಅಂತ ಕೇಳ್ತಿದ್ದೆ.”

ಮನೆಯ ಮೆಟ್ಟಿಲು ಹತ್ತುವಾಗ ನನ್ನ ಬಲಭುಜ ಹಿಡಿದುಕೊಂಡ.

“ಅದು ಸೊಟ್ಟ ಭುಜ ಮಾವ” ಎಂದೆ.

“ಇರ್ಲಿ ಬಿಡು. ಕೈಗೆ ಎಟುಕ್ತದೆ.”